ಮುಖ ಬೇಡ, ಕೈ ನೋಡಿ

ಎಲ್ಲರಿಗೂ ನಮಸ್ಕಾರ. ಅಡುಗೆಮನೆಯಲ್ಲಿ ರೇಡಿಯೋ ಇಟ್ಟುಕೊಂಡವರಿಗೆ, ಅಂಗಡಿಯಲ್ಲಿ ಕೂತವರಿಗೆ, ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕೇಳುವ ಅಕ್ಕಂದಿರಿಗೆ.

ನಾನು ಉಡುಪಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಷ್ಟ್ರಾಗಿದ್ದವನು. ಈಗ ನಿವೃತ್ತಿಯಾಗಿದೆ. ನಮ್ಮ ಮನೆಯ ಚಾವಡಿಯಲ್ಲಿ ಎರಡು ಗಾಜಿನ ಕಪಾಟು ಉಂಟು, ಅದರ ತುಂಬಾ ಬೇಸಾಯದ ಗೊಂಬೆಗಳು. ಉಳುವವರು, ನೆಡುವವರು, ಕೊಯ್ಯುವವರು, ಪಡಿಮಂಚಕ್ಕೆ ಭತ್ತ ಬಡಿಯುವವರು, ಕೋಣ ತೊಳೆಯುವ ಹುಡುಗ, ಹಾಲು ಕರೆಯುವ ಹೆಂಗಸು, ತಲೆಗೆ ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಟೊಪ್ಪಿ, ಇಟ್ಟುಕೊಂಡು ಬದುವಿನ ಮೇಲೆ ಕೂತ ಅಜ್ಜ. ಮಣ್ಣಿನದ್ದು, ಮರದ್ದು, ಲೋಹದ್ದು, ಪ್ಲಾಸ್ಟಿಕ್ಕಿನಂಥ ರೆಸಿನ್‌ನದ್ದು ಎಲ್ಲ ಉಂಟು. ಆಕಾಶವಾಣಿಯವರು ಇದರ ಬಗ್ಗೆ ಕಾಲು ಗಂಟೆ ಮಾತಾಡಿ ಅಂದರು. ಕಾಲು ಗಂಟೆ ಸಾಲುವುದಿಲ್ಲ, ಆದರೂ ಮಾತಾಡುತ್ತೇನೆ.

ಇವತ್ತು ನಾನು ಹೇಳುವುದು ಒಂದೇ ವಿಷಯ. ಮತ್ತೆಲ್ಲ ಮರೆತರೂ ಪರವಾಗಿಲ್ಲ. ಬೇಸಾಯದ ಗೊಂಬೆ ತಗೊಳ್ಳುವಾಗ ಅದರ ಮುಖ ನೋಡಬೇಡಿ, ಕೈ ನೋಡಿ.

ಮನೆಗೆ ಬಂದವರು ಕಪಾಟಿನ ಎದುರು ನಿಂತು "ಅಯ್ಯೋ ಎಷ್ಟು ಚಂದ ಉಂಟಲ್ವಾ, ಮುಖ ಎಷ್ಟು ಲಾಯ್ಕಾಗಿದೆ" ಅನ್ನುತ್ತಾರೆ. ನನಗೆ ಸ್ವಲ್ಪ ಬೇಸರವೇ ಆಗುತ್ತದೆ. ಮುಖ ಯಾರು ಬೇಕಾದರೂ ಮಾಡುತ್ತಾರೆ. ಎರಡು ಕಣ್ಣು, ಒಂದು ಮೂಗು, ಸ್ವಲ್ಪ ನಗು, ಮುಗಿಯಿತು. ನೇಗಿಲ ಹಿಡಿಯ ಮೇಲೆ ಕೈ ಹೇಗೆ ಕೂತಿದೆ, ಬೆರಳು ಬಿಗಿಯಾಗಿದೆಯಾ ಸಡಿಲವಾಗಿದೆಯಾ, ಭಾರ ಯಾವ ಕಾಲಿನ ಮೇಲೆ ಬಿದ್ದಿದೆ, ಅದನ್ನು ಮಾಡಬೇಕಾದರೆ ಆ ಕೆಲಸವನ್ನು ಕಣ್ಣಾರೆ ನೋಡಿರಬೇಕು.

ಇದು ನಮ್ಮ ಊರಿನ ಹುಚ್ಚು ಮಾತ್ರ ಅಲ್ಲ. ಇಂಗ್ಲೆಂಡಿನಲ್ಲಿ ಬ್ರಿಟನ್ಸ್ ಅಂತ ಒಂದು ಕಂಪನಿ. 1893ರಲ್ಲಿ ಒಳಗೆ ಟೊಳ್ಳು ಇರುವ ಸೀಸದ ಸೈನಿಕರನ್ನು ಎರಕ ಹೊಯ್ಯಲು ಶುರು ಮಾಡಿದವರು. ಮೊದಲ ಮಹಾಯುದ್ಧ ಮುಗಿದ ಮೇಲೆ ಅವರೇ ದನ, ಕುರಿ, ಹಂದಿ, ಗಾಡಿ, ಹಾಲು ಕರೆಯುವವಳು ಅಂತ ಇಡೀ ಒಂದು ಹೊಲಮನೆಯನ್ನೇ ಮಾಡಿ ಮಾರಿದರು. ಸ್ಕಾಟ್ಲೆಂಡಿನ ಲ್ಯಾಂಗ್‌ಹೋಮ್ ಅನ್ನುವ ಸಣ್ಣ ಊರಿನಲ್ಲಿ 1974ರಲ್ಲಿ ಬಾರ್ಡರ್ ಫೈನ್ ಆರ್ಟ್ಸ್ ಅನ್ನುವ ಗೊಂಬೆ ಕಂಪನಿ ಶುರುವಾಯಿತು. ಅವರದ್ದು ರೆಸಿನ್. ಅದನ್ನು ರಬ್ಬರಿನ ಅಚ್ಚಿಗೆ ಹೊಯ್ದು, ಗಟ್ಟಿಯಾದ ಮೇಲೆ ಒಂದೊಂದಕ್ಕೂ ಕೈಯಲ್ಲೇ ಬಣ್ಣ ಹಾಕುತ್ತಿದ್ದರು. ಅಲ್ಲಿನ ಗೊಂಬೆಗಳಲ್ಲಿ ಕುರಿಯ ಉಣ್ಣೆ ಕತ್ತರಿಸುವವನನ್ನು ನೋಡಬೇಕು ನೀವು. ಕುರಿಯನ್ನು ಕುಂಡೆಯ ಮೇಲೆ ಕೂರಿಸಿ, ಬೆನ್ನನ್ನು ತನ್ನ ಕಾಲಿಗೆ ಒರಗಿಸಿಕೊಂಡು, ಮೊಣಕಾಲಿನಲ್ಲಿ ಅದುಮಿ ಹಿಡಿದಿರುತ್ತಾನೆ. ಕುರಿ ಅಲ್ಲಾಡುವುದಿಲ್ಲ. ನಾನು ಜನ್ಮದಲ್ಲಿ ಕುರಿ ಸಾಕಿದವನಲ್ಲ, ಆದರೆ ಕುರಿಯನ್ನು ಹೇಗೆ ಹಿಡಿಯಬೇಕು ಅಂತ ಆ ಗೊಂಬೆಯಿಂದ ಕಲಿತೆ.

ಅದೇ 1974ರಲ್ಲಿ ನಮ್ಮ ಪಕ್ಕದ ಮಹಾರಾಷ್ಟ್ರದ ದೈಮಾಬಾದ್‌ನಲ್ಲಿ ಮರದ ಬೇರು ಅಗೆಯುತ್ತಿದ್ದ ರೈತನೊಬ್ಬನಿಗೆ ನೆಲದೊಳಗೆ ಕಂಚಿನ ಗೊಂಬೆಗಳು ಸಿಕ್ಕಿದವು. ನಾಲ್ಕು ಗೊಂಬೆ, ಎಲ್ಲ ಸೇರಿ 60 ಕಿಲೋಗಿಂತ ಜಾಸ್ತಿ ತೂಕ. ಒಂದು ಆನೆ, ಒಂದು ಘೇಂಡಾಮೃಗ, ಒಂದು ಕೋಣ, ಮತ್ತೊಂದು ಜೋಡಿ ಎತ್ತು ಕಟ್ಟಿದ ಗಾಡಿ, ಅದರ ಮೇಲೆ ನಿಂತ ಮನುಷ್ಯ. ಸಾವಿರಾರು ವರ್ಷ ಹಿಂದಿನದ್ದು. ಎತ್ತಿನ ಹೆಗಲ ಮೇಲೆ ನೊಗ ಎಲ್ಲಿ ಕೂರಬೇಕೋ ಅಲ್ಲೇ ಕೂತಿದೆ. ಅಂಥದ್ದನ್ನು ಎರಕ ಹೊಯ್ದವನು ಗಾಡಿ ನೋಡಿದವನು, ಬರೀ ಕಥೆ ಕೇಳಿದವನಲ್ಲ.

ಈಗ ನನ್ನ ನೇಜಿ ನೆಡುವವರ ಕಥೆ ಹೇಳಬೇಕು. ನೇಜಿ ಅಂದರೆ ಭತ್ತದ ಸಸಿ. ಇದು ಹೇಳದೆ ನನಗೆ ಸಮಾಧಾನ ಇಲ್ಲ.

ಕೆಲವು ವರ್ಷದ ಹಿಂದೆ ನಾನು ಒಂದು ಅಂಗಡಿಯಿಂದ ಒಂದು ಸೆಟ್ ತಂದೆ. ನಾಲ್ಕು ಹೆಂಗಸರು ಸಾಲಾಗಿ ಬಗ್ಗಿ ನೇಜಿ ನೆಡುತ್ತಾ ಇದ್ದಾರೆ, ಕೆಳಗೆ ಗದ್ದೆ, ಗದ್ದೆಯಲ್ಲಿ ನೀರಿನ ಹಾಗೆ ಹೊಳೆಯುವ ಪಾಲಿಶ್. ಸೀರೆಗೆ ನಾಲ್ಕು ಬಣ್ಣ, ಬಳೆ ಕೂಡ ಬಿಡಿಸಿದ್ದರು. ನನಗೆ ಅಷ್ಟು ಖುಷಿಯಾಗಿತ್ತು, ಕಪಾಟಿನ ಮಧ್ಯದ ಹಲಗೆಯಲ್ಲೇ ಇಟ್ಟೆ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ದೊಡ್ಡಮ್ಮ ಇದ್ದಾರೆ. ಹದಿಮೂರು ಹದಿನಾಲ್ಕನೇ ವಯಸ್ಸಿನಿಂದ ಗದ್ದೆಗೆ ಇಳಿದವರು. ಮಳೆಗಾಲದ ಏಣೆಲು ಬೆಳೆಗೂ ಹೋಗುತ್ತಿದ್ದರು, ಎರಡನೇ ಬೆಳೆ ಸುಗ್ಗಿಗೂ ಹೋಗುತ್ತಿದ್ದರು, ನೀರಿದ್ದ ಕಡೆ ಮೂರನೇ ಬೆಳೆ ಕೊಳಕೆಗೂ. ಅವರು ಮಜ್ಜಿಗೆಗೆ ಅಂತ ಬಂದವರು ಕಪಾಟಿನ ಎದುರು ನಿಂತರು. ತುಂಬಾ ಹೊತ್ತು ನೋಡಿದರು. ಆಮೇಲೆ ಕೇಳಿದರು, "ಇವರು ಎಂತ ಮಾಡುವುದು ಮಾಷ್ಟ್ರೇ?"

ನೇಜಿ ನೆಡುವುದು ದೊಡ್ಡಮ್ಮ, ಅಂದೆ.

"ನೆಟ್ಟದ್ದು ಎಲ್ಲ ಬೆನ್ನ ಹಿಂದೆ ಉಂಟಲ್ಲ. ಮುಂದೆ ಮುಂದೆ ಹೋಗಿ ಯಾರಾದ್ರೂ ನೆಡ್ತಾರಾ? ನೆಟ್ಟದ್ದನ್ನೇ ತುಳಿದುಕೊಂಡು ಬಂದ ಹಾಗೆ ಉಂಟು."

ನಾನು ಹತ್ತಿರ ಹೋಗಿ ನೋಡಿದೆ. ಹೌದು! ಹಸಿರು ಸಾಲು ಪೂರ್ತಿ ಅವರ ಹಿಂದೆ ಇತ್ತು, ಮುಂದೆ ಖಾಲಿ ಕೆಸರು. ನೇಜಿ ನೆಡುವವರು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಾರೆ, ನೆಟ್ಟದ್ದು ಯಾವಾಗಲೂ ಕಣ್ಣೆದುರು ಇರುತ್ತದೆ. ಮಳೆಗಾಲದಲ್ಲಿ ಬಸ್ಸಿನ ಕಿಟಕಿಯಿಂದ ನಾವೆಲ್ಲ ಎಷ್ಟು ಸಲ ನೋಡಿದ್ದೇವೆ. ನೋಡಿದ್ದೇವೆ ಅಂತ ಅಂದುಕೊಂಡಿದ್ದೇವೆ, ಅಷ್ಟೇ. ಆ ಗೊಂಬೆ ಮಾಡಿದವರಿಗೆ ಗೊತ್ತಿರಲಿಲ್ಲ. ಡ್ರಾಯಿಂಗ್ ಕಲಿಸಿದ ನನಗೂ ಕಾಣಲಿಲ್ಲ, ಯಾಕೆಂದರೆ ನಾನು ಮುಖ ಮತ್ತು ಸೀರೆ ನೋಡುತ್ತಾ ಇದ್ದೆ.

ದೊಡ್ಡಮ್ಮ ಅಷ್ಟಕ್ಕೆ ಬಿಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ಅಲ್ಲೇ ಚಾವಡಿಯ ಸಿಮೆಂಟು ನೆಲದ ಮೇಲೆ ಬಗ್ಗಿದರು. ನಮ್ಮ ಹಿಡಿಸೂಡಿಯನ್ನು, ಅಂದರೆ ಕಸ ಗುಡಿಸುವ ಪೊರಕೆಯನ್ನು, ಎಡಗೈಗೆ ತೆಗೆದುಕೊಂಡು ತೋರಿಸಿದರು. ಎಡಗೈಯಲ್ಲಿ ನೇಜಿಯ ಕಟ್ಟು. ಅದೇ ಕೈಯ ಹೆಬ್ಬೆರಳು ಮೂರು ನಾಲ್ಕು ಸಸಿಯನ್ನು ಬಿಡಿಸಿ ಮುಂದಕ್ಕೆ ನೂಕುತ್ತದೆ. ಬಲಗೈ ಅದನ್ನು ತೆಗೆದುಕೊಂಡು ಬೇರಿನ ಹತ್ತಿರ ಬೆರಳು ಇಟ್ಟು ಕೆಸರಿಗೆ ಊರಿ ಬಿಡುತ್ತದೆ. ಬಲಗೈ ಮೇಲೆ ಬರುವಷ್ಟರಲ್ಲಿ ಎಡಗೈ ಮುಂದಿನ ಸಸಿ ತಯಾರು ಮಾಡಿ ಕೊಟ್ಟಾಗಿದೆ. ಎಷ್ಟು ಬೇಗ ಅಂದರೆ ನನಗೆ ಎರಡು ಸಲ ನಿಧಾನ ಮಾಡಿ ತೋರಿಸಿ ಅಂತ ಕೇಳಬೇಕಾಯಿತು. ಸೊಂಟ ಮೇಲೆ ಬರುವುದೇ ಇಲ್ಲ. ಎಪ್ಪತ್ತು ದಾಟಿದ ದೊಡ್ಡಮ್ಮ, ಹಿಡಿಸೂಡಿ ಹಿಡಿದುಕೊಂಡು ಚಾವಡಿಯ ಈ ಗೋಡೆಯಿಂದ ಆ ಗೋಡೆಗೆ ಹಿಂದೆ ಹಿಂದೆ ಹೋದರು. ನನ್ನ ಹೆಂಡತಿ ಮಜ್ಜಿಗೆ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು.

ಅವತ್ತೇ ನಾನು ಸ್ಕೆಚ್ ಮಾಡಿಕೊಂಡೆ. ಬರೀ ಕೈಗಳದ್ದೇ ಹನ್ನೊಂದು ಸ್ಕೆಚ್.

ಅದನ್ನು ತೆಗೆದುಕೊಂಡು ಗಣಪತಿ ಮಾಡುವ ಒಬ್ಬರ ಹತ್ತಿರ ಹೋದೆ. "ಮಾಷ್ಟ್ರೇ, ಚೌತಿ ಮುಗಿಯಲಿ, ಈಗ ತಲೆ ತುರಿಸಲಿಕ್ಕೂ ಪುರ್ಸೊತ್ತಿಲ್ಲ" ಅಂದರು. ಚೌತಿ ಮುಗಿಯಿತು, ನವರಾತ್ರಿಯ ಶಾರದೆಯ ಕೆಲಸವೂ ಮುಗಿಯಿತು, ಆಮೇಲೆ ಕೂತರು. ಮಣ್ಣು ಯಾವುದು ಗೊತ್ತಾ? ಗದ್ದೆಯದ್ದೇ ಜೇಡಿಮಣ್ಣು. ಸುಡಲಿಲ್ಲ, ಗಣಪತಿಯ ಹಾಗೆ ಹಸಿಮಣ್ಣಿನದ್ದೇ ಒಣಗಿಸಿ ಬಣ್ಣ ಹಾಕಿದ್ದು. ನಾಲ್ಕು ಇಂಚಿನ ಗೊಂಬೆಗೆ ಅಕ್ಕಿಕಾಳಿಗಿಂತ ಸಣ್ಣ ಹೆಬ್ಬೆರಳು ಬೇಕಲ್ಲ, ಬರೀ ಮಣ್ಣಿನಲ್ಲಿ ಮಾಡಿದರೆ ಒಣಗುವಾಗ ಉದುರುತ್ತದೆ. ಅವರು ಹಳೇ ವಯರು ಸುಲಿದು ಒಳಗಿನ ತಾಮ್ರದ ಎಳೆ ತೆಗೆದು, ಅದರ ಮೇಲೆ ಮಣ್ಣು ಕೂರಿಸಿದರು. ನೇಜಿಗೆ ತೆಂಗಿನ ನಾರಿನ ಎಳೆ, ಹಸಿರು ಬಣ್ಣದಲ್ಲಿ ಅದ್ದಿ ಒಣಗಿಸಿದ್ದು. ಬೆನ್ನಿಗೆ ಗೊರಬು. ಗೊರಬು ಅಂದರೆ ಈಗಿನ ಮಕ್ಕಳಿಗೆ ಹೇಳುತ್ತೇನೆ, ಬಿದಿರಿನ ಸಲಕೆಗೆ ಎಲೆ ಹೊಂದಿಸಿ ಕಟ್ಟಿದ್ದು, ತಲೆಯಿಂದ ಸೊಂಟದವರೆಗೆ ದೋಣಿ ಕವುಚಿದ ಹಾಗೆ ಬೆನ್ನ ಮೇಲೆ ಕೂರುತ್ತದೆ. ಕೊಡೆ ಹಿಡಿದರೆ ಒಂದು ಕೈ ಹೋಯಿತಲ್ಲ! ನೆಡಲಿಕ್ಕೆ ಎರಡೂ ಕೈ ಬೇಕು, ಅದಕ್ಕೆ ಗೊರಬು. ನೋಡಿ, ಅಲ್ಲೂ ವಿಷಯ ಕೈಯದ್ದೇ.

ಹೊಸ ಸೆಟ್ ಬಂದ ದಿನ ದೊಡ್ಡಮ್ಮನನ್ನು ಕರೆದೆ. ಕನ್ನಡಕ ಹಾಕಿಕೊಂಡು ಬಂದರು. ಒಂದೊಂದೇ ಗೊಂಬೆಯನ್ನು ಬಗ್ಗಿ ನೋಡಿದರು. "ಕೈ ಸರಿ ಉಂಟು" ಅಂದರು. ನನಗೆ ಉಸಿರು ಬಂತು. ಆಮೇಲೆ, "ಕಟ್ಟು ಎಲ್ಲಿ?" ಅಂದರು. ಯಾವ ಕಟ್ಟು? ಕೈಯಲ್ಲಿರುವ ನೇಜಿ ಮುಗಿದರೆ ಮತ್ತೆ ಬೇಕಲ್ಲ, ಅದಕ್ಕೆ ನೆಡುವ ಮೊದಲೇ ಗದ್ದೆಯ ಉದ್ದಕ್ಕೂ ಅಲ್ಲಲ್ಲಿ ನೇಜಿಯ ಕಟ್ಟು ಎಸೆದಿರುತ್ತಾರೆ. ಹಿಂದಕ್ಕೆ ಬರುವಾಗ ಕೈಗೆ ಸಿಗಬೇಕು. ಮತ್ತೆ ಹೋದೆ, ಆರು ಕಟ್ಟು ಮಾಡಿಸಿ ತಂದೆ. ಎಲ್ಲೆಲ್ಲಿ ಇಡಬೇಕು ಅಂತ ದೊಡ್ಡಮ್ಮನೇ ಇಟ್ಟರು. ನಾನು ಅಂಟು ಹಾಕಿದೆ, ಅಷ್ಟೇ. ಅದು ಈಗಲೂ ಹಾಗೇ ಉಂಟು.

ಸಮಯ ಓಡುತ್ತಾ ಇದೆ. ಸ್ಟುಡಿಯೋದ ಗಾಜಿನ ಆಚೆಯಿಂದ ಆಕಾಶವಾಣಿಯವರು ಕೈ ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಹೇಳುತ್ತೇನೆ.

ಕಂಬಳದ ಗೊಂಬೆ ನಮ್ಮಲ್ಲಿ ತುಂಬಾ ಜನ ಶೋಕೇಸಿಗೆ ತಗೊಳ್ಳುತ್ತಾರೆ, ನೆನಪಿನ ಕಾಣಿಕೆ ಅಂತ ಕೊಡುತ್ತಾರೆ. ಒಳ್ಳೆಯದೇ. ಆದರೆ ಯಾವ ಓಟ ಅಂತ ಕೇಳಿ. ಹಗ್ಗವಾ, ನೇಗಿಲಾ, ಅಡ್ಡಹಲಗೆಯಾ, ಕನೆಹಲಗೆಯಾ? ಹಗ್ಗದ ಓಟದಲ್ಲಿ ಓಡಿಸುವವನು ಹಗ್ಗ ಹಿಡಿದು ಕಾಲಲ್ಲಿ ಓಡುತ್ತಾನೆ, ಕಾಲಡಿ ಹಲಗೆ ಇರುವುದಿಲ್ಲ. ಕನೆಹಲಗೆಯಾದರೆ ಹಲಗೆಯ ತೂತಿನಿಂದ ನೀರು ಮೇಲಕ್ಕೆ ಚಿಮ್ಮಬೇಕು, ಆ ನೀರು ಎಷ್ಟು ಎತ್ತರ ಹೋಯಿತು ಅನ್ನುವುದರ ಮೇಲೇ ಗೆಲುವು. ನೀರೇ ಇಲ್ಲದ ಕನೆಹಲಗೆ ಗೊಂಬೆ ತಂದು ಇಟ್ಟುಕೊಂಡು ಏನು ಮಾಡುವುದು? ಮತ್ತೆ ಅದು ಕೋಣ. ಎತ್ತಿನ ಕೊಂಬು ಇಡಬೇಡಿ ದಯವಿಟ್ಟು.

ಕ್ರಿಸ್ಮಸ್‌ಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಹಟ್ಟಿಯ ಗೊಂಬೆದೃಶ್ಯ, ಮಾಡುವ ಮನೆಯವರು ಕೇಳುತ್ತಿದ್ದರೆ, ನಿಮ್ಮ ಹತ್ತಿರ ಆಗಲೇ ಸಂಗ್ರಹ ಉಂಟು. ಕುರಿ, ಹಸು, ಕುರುಬರು, ಹುಲ್ಲಿನ ಹಟ್ಟಿ. ಸಂತ ಫ್ರಾನ್ಸಿಸ್ ಅವರು 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಮೊದಲ ಗೋದಲಿ ಮಾಡಿದಾಗ ನಿಜವಾದ ಎತ್ತು, ಕತ್ತೆ, ಹುಲ್ಲು ಇಟ್ಟಿದ್ದರು. ಮಂಗಳೂರಿನ ಎಷ್ಟೋ ಮನೆಯಲ್ಲಿ ಅಜ್ಜಿಯ ಕಾಲದ ಮಣ್ಣಿನ ಹಸು ಪ್ರತಿ ವರ್ಷ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ. ಕಿವಿ ಮುರಿದಿದ್ದರೂ ಬಿಸಾಡಬೇಡಿ.

ಅಳತೆ. ವಿದೇಶದ ಬೇಸಾಯದ ಗೊಂಬೆ, ಟ್ರ್ಯಾಕ್ಟರ್ ಜಾಸ್ತಿ 32ಕ್ಕೆ 1ರ ಅಳತೆಯದ್ದು. ಅಂದರೆ ಐದೂವರೆ ಅಡಿಯ ಮನುಷ್ಯ ಸುಮಾರು ಎರಡು ಇಂಚು. ಒಂದು ಹಲಗೆಯಲ್ಲಿ ಒಂದೇ ಅಳತೆಯದ್ದು ಇಡಿ, ಇಲ್ಲದಿದ್ದರೆ ಕೋಣಕ್ಕಿಂತ ಆಡು ದೊಡ್ಡದಾಗಿ ಕಾಣುತ್ತದೆ. ಹಳೇ ಸೀಸದ ಗೊಂಬೆ ಸಿಕ್ಕಿದರೆ ಗಾಜಿನೊಳಗೆ ಇಡಿ, ಮಕ್ಕಳ ಕೈಗೆ ಬಾಯಿಗೆ ಹೋಗಬಾರದು, ಸೀಸ ವಿಷ. ನಮ್ಮ ಮಳೆಗಾಲಕ್ಕೆ ಕಪಾಟಿನೊಳಗೆ ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಅದೇ. ಹಸಿಮಣ್ಣಿನ ಗೊಂಬೆಗೆ ಒದ್ದೆ ಬಟ್ಟೆ ತಾಗಿಸಲೇಬಾರದು. ಮಕ್ಕಳು ಬಣ್ಣ ಹಾಕುವ ಮೆತ್ತಗಿನ ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು.

ಹಳೇದು ಮಾತ್ರ ಅಲ್ಲ, ಈಗಿನದ್ದೂ ಮಾಡಿಸಿ. ನಮ್ಮ ಸಣ್ಣ ಗದ್ದೆಗಳಲ್ಲಿ ಓಡುವ ಟಿಲ್ಲರ್ ಉಂಟಲ್ಲ, ಬದುವಿನ ಹತ್ತಿರ ತಿರುಗಿಸುವಾಗ ಅದರ ಹಿಡಿಯನ್ನು ಎತ್ತಿ ಹಿಡಿಯುವ ಹುಡುಗನ ತೋಳು ನೋಡಿ ಒಮ್ಮೆ. ಅದನ್ನು ಯಾರೂ ಇನ್ನೂ ನನಗೆ ಮಾಡಿಕೊಟ್ಟಿಲ್ಲ. ನಿಜವಾದ ಸಾಮಾನು ನೋಡಬೇಕು ಅಂದರೆ ಮಂಗಳೂರಿನ ಹತ್ತಿರ ಪಿಲಿಕುಳದಲ್ಲಿರುವ ಗುತ್ತಿನ ಮನೆಗೆ, ಅಂದರೆ ಹಳೇ ಕಾಲದ ಜಮೀನ್ದಾರರ ಮನೆಗೆ ಹೋಗಿ, ಬಂಟ್ವಾಳದ ಬಿ.ಸಿ. ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಮ್ಯೂಸಿಯಮ್ಮಿಗೆ ಹೋಗಿ. ಅಲ್ಲಿನ ಹಿಡಿಗಳನ್ನು ನೋಡಿ. ಕತ್ತಿಯ ಹಿಡಿ, ನೇಗಿಲ ಹಿಡಿ. ಎಷ್ಟೋ ಕೈ ತಾಗಿ ನುಣುಪಾಗಿರುತ್ತವೆ. ಕೈ ನೋಡಿ ಅಂದೆನಲ್ಲ, ಅಲ್ಲಿ ಕೈಯ ಗುರುತು ಸಿಗುತ್ತದೆ.

ಕೊನೆಗೆ ಒಂದು ಕೇಳಿಕೆ. ಈ ಸಲ ಚೌತಿ, ನವರಾತ್ರಿ ಮುಗಿದ ಮೇಲೆ ಅಕ್ಕಿಮುಡಿ ಕಟ್ಟುವವರ ಗೊಂಬೆ ಮಾಡಿಸಬೇಕು ಅಂತ ಇದ್ದೇನೆ. 42 ಸೇರಿನ ಮುಡಿ, ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಲ್ಲಿ ಬಿಗಿದು, ಚೆಂಡಿನ ಹಾಗೆ ದುಂಡಗೆ ಬರುವ ತನಕ ಬಡಿದದ್ದು. ಗಣಪತಿ ಮಾಡುವವರು ಹೇಳಿದ್ದಾರೆ, "ಫೋಟೋ ಬೇಡ ಮಾಷ್ಟ್ರೇ, ನನ್ನ ಎದುರು ಕೂತು ಕಟ್ಟಿ ತೋರಿಸುವವರನ್ನು ಕರ್ಕೊಂಡು ಬನ್ನಿ." ಅವರೂ ಈಗ ಕೈ ನೋಡದೆ ಮಣ್ಣು ಮುಟ್ಟುವುದಿಲ್ಲ. ನಿಮ್ಮ ಮನೆಯಲ್ಲಿ ಮುಡಿ ಕಟ್ಟುವ ಅಜ್ಜ, ಮಾವ, ಯಾರಾದರೂ ಇದ್ದರೆ ಆಕಾಶವಾಣಿಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಬೈಹುಲ್ಲು, ಅಕ್ಕಿ ಎರಡೂ ನಾನೇ ತರುತ್ತೇನೆ. ನಮಸ್ಕಾರ.