ಯಾರೂ ಕೊಟ್ಟಿದ್ದಲ್ಲ

ಕೇಳುಗರಿಗೆ ನಮಸ್ಕಾರ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ, ಮೊಬೀಲ್ ಪಟ್ಟಣದ ಉತ್ತರಕ್ಕೆ ಆಫ್ರಿಕಾಟೌನ್ ಅಂತ ಒಂದು ಜಾಗ ಇದೆ. ಅಲ್ಲಿ 1872ರಲ್ಲಿ ಶುರುವಾದ ಒಂದು ಬ್ಯಾಪ್ಟಿಸ್ಟ್ ಚರ್ಚು ಇದೆ. ಕಟ್ಟಿದವರು ಬಿಡುಗಡೆಯಾದ ಗುಲಾಮರು. ಆ ಊರಾಗಲಿ, ಚರ್ಚಾಗಲಿ ಯಾರೂ ಕೊಟ್ಟಿದ್ದಲ್ಲ. ಇವತ್ತು ನಾನು ಹೇಳಬೇಕಾಗಿರುವುದು ಇಷ್ಟೇ.

ಈ ವಿಷಯ ತೆಗೆದರೆ ಸಾಕು, ಎಲ್ಲರೂ ಆ ಗುಲಾಮರನ್ನು ತಂದ ಹಡಗಿನ ಬಗ್ಗೆಯೇ ಕೇಳುತ್ತಾರೆ. ಸರಿ, ಹೇಳುತ್ತೇನೆ. ಗುಲಾಮರನ್ನು ಹೊರಗಿನಿಂದ ತರಬಾರದು ಅಂತ 1808ರಿಂದಲೇ ಕಾನೂನಿತ್ತು. ಆದರೂ 1860ರಲ್ಲಿ ಟಿಮತಿ ಮೇಹರ್ ಅನ್ನುವ ಸಾಹುಕಾರ ಕ್ಲೋಟಿಲ್ಡಾ ಅನ್ನುವ ಹಡಗಿನಲ್ಲಿ, ಈಗಿನ ಬೆನಿನ್ ದೇಶದ ತೀರದಿಂದ ಸುಮಾರು 110 ಜನರನ್ನು ಕದ್ದುಮುಚ್ಚಿ ತರಿಸಿದ. ಸಾಕ್ಷಿ ಉಳಿಯಬಾರದು ಅಂತ ಹಡಗಿಗೆ ಬೆಂಕಿ ಇಟ್ಟರು. ಅದರ ಅವಶೇಷ ಇದೇ ಅಂತ ಖಚಿತವಾಗಿದ್ದು 2019ರಲ್ಲಿ. ಹಡಗಿನ ಕಥೆ ಅಲ್ಲಿಗೆ ಮುಗಿಯಿತು.

1865ರಲ್ಲಿ ಆ ಜನರಿಗೆ ಗುಲಾಮಗಿರಿಯಿಂದ ಬಿಡುಗಡೆಯಾಯಿತು. ಊರಿಗೆ ವಾಪಸ್ ಹೋಗೋಣ ಅಂದರೆ ಹಡಗಿನ ಖರ್ಚಿಗೆ ದುಡ್ಡಿಲ್ಲ. ಆಗ ಎಲ್ಲರೂ ಸೇರಿ ತಮ್ಮಲ್ಲೇ ಒಬ್ಬನಾದ ಕೊಸ್ಸೋಲಾನನ್ನು ಮುಂದೆ ಬಿಟ್ಟರು, ಮೇಹರ್ ಹತ್ತಿರ ನೀನೇ ಮಾತಾಡು ಅಂತ. ಕೊಸ್ಸೋಲಾ ಮರ ಕಡಿಯುತ್ತಿದ್ದಾಗ ಮೇಹರ್ ಬಂದು ಕಡಿದ ಮರದ ಮೇಲೆ ಕೂತ. ಯಾಕೋ ಸಪ್ಪಗಿದ್ದೀಯ ಅಂತ ಕೇಳಿದ. ಊರಿನ ನೆನಪು ಅಂದ ಕೊಸ್ಸೋಲಾ. ಇಲ್ಲೇ ಒಳ್ಳೇ ಮನೆ ಇದೆಯಲ್ಲೋ ಅಂದ ಮೇಹರ್. ಇಡೀ ಮೊಬೀಲ್ ಪಟ್ಟಣ, ಅದರ ಬ್ಯಾಂಕುಗಳು, ರೈಲು ಎಲ್ಲ ಕೊಟ್ಟರೂ ಅದು ನನ್ನ ಊರಾಗುವುದಿಲ್ಲ, ನಮ್ಮನ್ನು ನಮ್ಮ ನೆಲದಿಂದ ತಂದವನು ನೀನು, ಈಗ ನಮಗೆ ದೇಶವೂ ಇಲ್ಲ ನೆಲವೂ ಇಲ್ಲ, ಮನೆ ಕಟ್ಟಿಕೊಳ್ಳುವುದಕ್ಕೆ ಒಂದು ತುಂಡು ಜಾಗ ಕೊಡು ಅಂದ. ಮೇಹರ್ ಧಡಕ್ಕನೆ ಎದ್ದು ನಿಂತ. ಗುಲಾಮರಾಗಿದ್ದಾಗ ಚೆನ್ನಾಗಿ ನೋಡಿಕೊಂಡಿದ್ದೇನೆ, ಇನ್ನು ನಿಮಗೆ ಏನೂ ಕೊಡಬೇಕಾಗಿಲ್ಲ ಅಂದುಬಿಟ್ಟ. ಎಂಥಾ ಲೆಕ್ಕ ನೋಡಿ!

ಸರಿ, ದುಡಿದರು. ಗಂಡಸರು ಮರದ ಮಿಲ್ಲಿಗೆ ಹೋದರು, ಹೆಂಗಸರು ತರಕಾರಿ ಬೆಳೆದು ಮಾರಿದರು. ಕಾಕಂಬಿ ಜೊತೆ ರೊಟ್ಟಿ ತಿಂದು ದುಡ್ಡು ಉಳಿಸಿದರು. ಆಮೇಲೆ ಅದೇ ಮೇಹರ್ ಮನೆಯವರಿಂದಲೂ ಜಾಗ ಕೊಂಡರು. ಬೆಲೆಯಲ್ಲಿ ಬಿಡಿಗಾಸೂ ಇಳಿಸಲಿಲ್ಲವಂತೆ. ಹಾಗಾಗಿ ಇನ್ನೊಮ್ಮೆ ಹೇಳುತ್ತೇನೆ, ಯಾರೂ ಕೊಟ್ಟಿದ್ದಲ್ಲ.

ಚರ್ಚಿನದೂ ಹಾಗೇ. ಅಲ್ಲೇ ಹುಟ್ಟಿ ಬೆಳೆದ ಕಪ್ಪು ಜನರೇ ಇವರನ್ನು ಕಾಡುಜನ ಅಂತ ನಗುತ್ತಿದ್ದರು. ಹಾಗಾದರೆ ನಮ್ಮದೇ ಚರ್ಚು ಇರಲಿ ಅಂತ ಕಟ್ಟಿಕೊಂಡರು. 1902ರಲ್ಲಿ ಕೊಸ್ಸೋಲಾನಿಗೆ ರೈಲು ಡಿಕ್ಕಿ ಹೊಡೆಯಿತು, ಭಾರದ ಕೆಲಸ ಮಾಡಲು ಆಗಲಿಲ್ಲ. ಆಗ ಚರ್ಚಿನವರೇ ಅವನಿಗೆ ಗಂಟೆ ಹೊಡೆಯುವ, ಚರ್ಚು ನೋಡಿಕೊಳ್ಳುವ ಕೆಲಸ ಕೊಟ್ಟರು. 1935ರಲ್ಲಿ ತೀರಿಕೊಂಡ.

ಶಾಲೆ, ಸ್ಮಶಾನದ ವಿಷಯಕ್ಕೆ ಇವತ್ತು ಸಮಯ ಸಾಲದು. ಮಕ್ಕಳು ಅಮೆರಿಕದಲ್ಲಿರುವ ಕೇಳುಗರು ಆ ಕಡೆ ಹೋದರೆ ಸುಮ್ನೆ ಮಾಲ್ ಸುತ್ತಬೇಡಿ, ಆಫ್ರಿಕಾಟೌನ್‌ಗೆ ಹೋಗಿ ಬನ್ನಿ. ಯೂನಿಯನ್ ಮಿಷನರಿ ಬ್ಯಾಪ್ಟಿಸ್ಟ್ ಚರ್ಚು ಅಂತ ಕೇಳಿ, ಎದುರಿಗೇ ಕೊಸ್ಸೋಲಾನ ಪ್ರತಿಮೆ ಇದೆ. ನಮಸ್ಕಾರ.