ಕಳೆ ಕೀಳುವುದಾದರೆ ಹೊಳೆಯ ಮೇಲಿಂದ ಬನ್ನಿ

ಕೇಳುಗರಿಗೆ ನಮಸ್ಕಾರ.

ಹೊಳೆ ದಂಡೆಯ ಕಳೆ ಕೀಳುವ ಗುಂಪಿಗೆ ನಾನು ಸೇರಿದ ಮೊದಲ ದಿನವೇ ನಾವೆಲ್ಲ ಎಡವಿದೆವು. ಮೊಣಕಾಲುದ್ದ ನೀರಿದ್ದ ಜಾಗ ನೋಡಿಕೊಂಡು ಇಳಿದು, ನೀರಿನ ಮೇಲೆ ತೇಲುವ ಕಳೆ ಅಂತರಗಂಗೆಯನ್ನು (ವಾಟರ್ ಹಯಸಿಂತ್) ಎಳೆದು ಹಾಕಿದೆವು. ಸಂಜೆಗೆ ನೀರು ಕಂಡಿತು. ಫೋಟೊ ಹೊಡೆದುಕೊಂಡು ಹೊರಟೆವು. ತಿಂಗಳು ಬಿಟ್ಟು ಬಂದರೆ ಮತ್ತೆ ಅದೇ ಹಸಿರು ಚಾಪೆ! ಮೇಲಿನ ತಿರುವಿನಲ್ಲಿದ್ದ ಗಿಡಗಳನ್ನು ಯಾರೂ ಮುಟ್ಟಿರಲಿಲ್ಲ. ಅಲ್ಲಿಂದ ಒಂದೊಂದೇ ತೇಲಿ ಬಂದಿತ್ತು. ಹದ ಸಿಕ್ಕರೆ ಇದು ಸುಮಾರು ಎರಡೇ ವಾರದಲ್ಲಿ ದುಪ್ಪಟ್ಟಾಗುತ್ತದೆ. ಈಗ ನಾವು ಮೇಲಿಂದಲೇ ಶುರು ಮಾಡುತ್ತೇವೆ.

ಈ ಗಿಡವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಎಲೆಯ ತೊಟ್ಟು ಬಲೂನಿನ ಹಾಗೆ ಉಬ್ಬಿರುತ್ತದೆ. ಹಿಸುಕಿದರೆ ಸ್ಪಂಜು. ತೇಲುವ ಗುಟ್ಟು ಅಲ್ಲಿದೆ. ಕೆಳಗೆ ಕಪ್ಪು ಬೇರಿನ ಜಡೆ. ಅದರೊಳಗೆ ಬಸವನಹುಳ, ನೀರಹುಳ, ಕೆಲವೊಮ್ಮೆ ಉಗುರಿನಷ್ಟು ಮೀನುಮರಿ. ಮರಿಗಳನ್ನು ಕೂಡಲೇ ನೀರಿಗೆ ಬಿಡಬೇಕು. ಉಳಿದವು ತಾವೇ ಹರಿದುಹೋಗಲಿ ಅಂತ ಗಿಡಗಳನ್ನು ಸ್ವಲ್ಪ ಹೊತ್ತು ನೀರಂಚಿನಲ್ಲೇ ಇಡುತ್ತೇವೆ. ಆಮೇಲೆ ನೆರೆ ಮುಟ್ಟದಷ್ಟು ದೂರಕ್ಕೆ ಹೊರುವುದು. ಸೊಂಟ ಬಿದ್ದುಹೋಗುತ್ತದೆ. ಹಸಿ ಗಿಡದ ತೂಕದಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ನೀರೇ ಅಲ್ವಾ!

ಇನ್ನು ಯಾವಾಗ ಕೀಳಬೇಕು ಅನ್ನುವ ಮಾತು. ಹಿಮಾಲಯದ ಒಂದು ಜಾತಿಯ ಕರ್ಣಕುಂಡಲ ಹೂಗಿಡ (ಬಾಲ್ಸಮ್) 1839ರಲ್ಲಿ ತೋಟದ ಚಂದಕ್ಕೆಂದು ಬ್ರಿಟನ್‌ಗೆ ಹೋಯಿತು. ಈಗ ಅಲ್ಲಿನ ನದಿ ದಂಡೆಗಳಲ್ಲಿ ಅದನ್ನು ಕೀಳುವುದೇ ಸ್ವಯಂಸೇವಕರ ಕೆಲಸ. ಬಲಿತ ಕಾಯಿ ಮುಟ್ಟಿದರೆ ಸಿಡಿದು ಬೀಜ ಏಳು ಮೀಟರ್‌ವರೆಗೆ ಹಾರುತ್ತದೆ. ಕಾಯಿ ಬಲಿತ ಮೇಲೆ ಕೀಳಲು ಹೋದರೆ ನಾವೇ ಬಿತ್ತಿದ ಹಾಗೆ.

ದಂಡೆಯ ಮೇಲಿನ ಲಂಟಾನದ್ದು ಬೇರೆ ಕಥೆ. ಮಚ್ಚು ಹಿಡಿದು ಸವರಿದರೆ ಕೆಲಸ ಆಯಿತು ಅನಿಸುತ್ತದೆ. ಸುಮ್ನೆ ಭ್ರಮೆ. ಬುಡದಿಂದ ಹತ್ತು ಚಿಗುರು ಎದ್ದು ಬರುತ್ತವೆ. ಮಣ್ಣು ಕೆದಕಿ, ಕಾಂಡ ಬೇರಿಗೆ ಕೂಡುವ ಗಂಟಿನ ಕೆಳಗೆ ಕತ್ತರಿಸಬೇಕು. ಹಣ್ಣು ತಿಂದ ಹಕ್ಕಿಗಳು ಮರದ ಮೇಲೆ ಕೂತು ಬೀಜ ಉದುರಿಸುತ್ತವೆ. ಹಾಗಾಗಿ ಮರು ವರ್ಷ ನಾವು ಮೊದಲು ಹುಡುಕುವುದು ಮರಗಳ ಬುಡವನ್ನೇ.

ಕಿತ್ತ ಲಂಟಾನವನ್ನು ಬೇರು ಮೇಲೆ, ತಲೆ ಕೆಳಗೆ ಮಾಡಿ ನಿಲ್ಲಿಸುತ್ತೇವೆ. ಮಣ್ಣು ಸಿಕ್ಕದೆ ಅಲ್ಲೇ ಒಣಗುತ್ತದೆ. ಮೊನ್ನೆ ಅಂಥ ಒಂದು ಒಣ ಬೇರಿನ ತುದಿಯಲ್ಲಿ ಮಿಂಚುಳ್ಳಿ ಕೂತು ನೀರನ್ನೇ ನೋಡುತ್ತಿತ್ತು.

ನಮಸ್ಕಾರ.