ಬಾಟಲಿ ತಿರುಗಿಸಿ ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ನರ್ಸಿಂಗ್ ಓದುತ್ತಿರುವ ಮಕ್ಕಳಿಗೆ ವಿಶೇಷವಾಗಿ ನಮಸ್ಕಾರ. ಡ್ಯೂಟಿ ಮುಗಿಸಿ, ಹಾಸ್ಟೆಲ್ಲಿಗೆ ಬಂದು, ಬಿಳಿ ಶೂ ಬಿಚ್ಚಿ ಕಾಲು ಚಾಚಿ ಕೂತಿರುತ್ತೀರಿ. ಫಾರ್ಮಕಾಲಜಿ ಇಂಟರ್ನಲ್ ಹತ್ತಿರ ಬಂತು ಅನ್ನೋ ತಲೆಬಿಸಿಯೂ ಇರಬಹುದು. ನಾನು ಇವತ್ತು ಔಷಧಿಗಳ ಪಟ್ಟಿ ಒಪ್ಪಿಸುವುದಿಲ್ಲ. ಒಂದೇ ಮಾತು ಹೇಳುತ್ತೇನೆ. ಲೇಬಲ್ ಓದಿ. ಕಪಾಟಿನಿಂದ ತೆಗೆಯುವಾಗ ಓದಿ, ಸಿರಿಂಜಿಗೆ ಎಳೆಯುವಾಗ ಓದಿ, ರೋಗಿಗೆ ಕೊಡುವ ಮುಂಚೆ ಇನ್ನೊಂದು ಸಲ ಓದಿ.

'ಗೊತ್ತು ಮೇಡಂ' ಅನ್ನುತ್ತೀರಿ. ಕ್ಲಾಸಿನಲ್ಲಿ ವರ್ಷಗಟ್ಟಲೆ ಇದೇ ಉತ್ತರ ಕೇಳಿದ್ದೇನೆ. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ಐದನ್ನೂ ಎಲ್ಲರೂ ಗಡಗಡ ಹೇಳುತ್ತಾರೆ. ಆದರೆ ವಾರ್ಡಿನಲ್ಲಿ ನಿಂತಾಗ ಕೈಯಲ್ಲಿರುವ ಬಾಟಲಿಯನ್ನು ತಿರುಗಿಸಿ ನೋಡುವವರು ಎಷ್ಟು ಜನ?

ಒಂದು ರಾತ್ರಿಯ ಕತೆ ಹೇಳುತ್ತೇನೆ. ನಾನು ಆಗ ವಿದ್ಯಾರ್ಥಿಗಳ ಜೊತೆ ವಾರ್ಡಿನಲ್ಲಿದ್ದೆ. ಸಕ್ಕರೆ ಕಾಯಿಲೆಯ ಒಬ್ಬ ಅಜ್ಜ, ಕಾಲಿನ ಗಾಯಕ್ಕೆಂದು ಸೇರಿದ್ದರು. ಊಟಕ್ಕೆ ಮುಂಚೆ 20 ಯೂನಿಟ್ ಇನ್ಸುಲಿನ್ ಅಂತ ಕೇಸ್ ಶೀಟಿನಲ್ಲಿ ಬರೆದಿತ್ತು. ಎರಡನೇ ವರ್ಷದ ಹುಡುಗಿ ಕೊಟ್ಟಳು. ಕೆಂಪು ಮುಚ್ಚಳದ ಸಿರಿಂಜ್, 20ರ ಗೆರೆಗೆ ಸರಿಯಾಗಿ ಎಳೆದಳು, ಗುಳ್ಳೆ ತೆಗೆದಳು. ಕೈ ಬಹಳ ಚೆನ್ನಾಗಿತ್ತು. ಪಕ್ಕದಲ್ಲೇ ನಿಂತು ನಾನು 'ಸರಿ' ಅಂದೆ.

ಕೊಟ್ಟು ಎರಡು ಗಂಟೆಯೂ ಕಳೆದಿರಲಿಲ್ಲ. ಅಜ್ಜನ ಸೊಸೆ ಓಡಿ ಬಂದಳು. 'ಸಿಸ್ಟರ್, ನಮ್ಮ ಮಾವ ಏನೇನೋ ಮಾತಾಡ್ತಿದ್ದಾರೆ, ಅಂಗಿಯೆಲ್ಲ ಒದ್ದೆಯಾಗಿದೆ' ಅಂದಳು. ಹೋಗಿ ಮುಟ್ಟಿದರೆ ಮೈ ತಣ್ಣಗಿದೆ, ಬೆವರು ಹರಿಯುತ್ತಿದೆ, ಕೈ ನಡುಗುತ್ತಿದೆ. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 34, ತೀರಾ ಕಡಿಮೆ. ಡಾಕ್ಟರನ್ನು ಕರೆಸಿದೆವು. 25 ಪರ್ಸೆಂಟ್ ಡೆಕ್ಸ್ಟ್ರೋಸ್, ಅಂದರೆ ಸಕ್ಕರೆಯ ದ್ರಾವಣ, ಹೋದ ಮೇಲೆ ಅಜ್ಜ ಕಣ್ಣು ಬಿಟ್ಟು, ಸೊಸೆಯ ಹೆಸರು ಹಿಡಿದು ಕರೆದರು.

ಆಮೇಲೆ ಆ ಹುಡುಗಿ ಟ್ರೇಯಲ್ಲಿದ್ದ ಬಾಟಲಿ ತಂದಳು. ಟ್ಯೂಬ್‌ಲೈಟ್ ಕೆಳಗೆ ಹಿಡಿದು ತಿರುಗಿಸಿದೆವು. ಸಣ್ಣ ಅಕ್ಷರದಲ್ಲಿ 100 ಅಂತ ಇತ್ತು. ಒಂದು ಎಂಎಲ್‌ಗೆ 100 ಯೂನಿಟ್. ಅವತ್ತಿನವರೆಗೆ ವಾರ್ಡಿನಲ್ಲಿದ್ದದ್ದು 40ರದು. ಅದು ಮುಗಿದಿತ್ತು, ಮನೆಯವರು ಹೊರಗಡೆ ಮೆಡಿಕಲ್ ಶಾಪಿನಿಂದ ಹೊಸದು ತಂದಿದ್ದರು. ನಮ್ಮಲ್ಲಿ ಎರಡೂ ಸಿಗುತ್ತವೆ, ಇದನ್ನು ಮರೆಯಬೇಡಿ.

ಲೆಕ್ಕ ನೋಡಿ. ಕೆಂಪು ಮುಚ್ಚಳದ ಸಿರಿಂಜ್ 40ರ ಇನ್ಸುಲಿನ್‌ಗೆ ಮಾಡಿದ್ದು. ಅದರಲ್ಲಿ 20ರ ಗೆರೆ ಅಂದರೆ ಅರ್ಧ ಎಂಎಲ್. 100ರ ಬಾಟಲಿಯಿಂದ ಅರ್ಧ ಎಂಎಲ್ ಎಳೆದರೆ 50 ಯೂನಿಟ್. ಅಂದರೆ ಎರಡೂವರೆ ಪಟ್ಟು! 100ರ ಬಾಟಲಿಗೆ ಕಿತ್ತಳೆ ಮುಚ್ಚಳದ ಸಿರಿಂಜೇ ಬೇಕು. ಗೆರೆ ಸರಿ ಇತ್ತು, ಸಮಯ ಸರಿ ಇತ್ತು, ರೋಗಿಯೂ ಸರಿ. ಬಾಟಲಿಯ ಮೇಲಿನ ಒಂದು ಅಂಕಿ ಓದಲಿಲ್ಲ. ಅವಳೂ ಓದಲಿಲ್ಲ, ನಾನೂ ಓದಲಿಲ್ಲ.

ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಆದರೆ ಬಾಟಲಿಯನ್ನು ಬಚ್ಚಿಡಲಿಲ್ಲ, ತಾನೇ ತಂದು ತೋರಿಸಿದಳು. ಇದನ್ನು ನೀವು ಗಮನಿಸಬೇಕು. ಎಷ್ಟು ಜಾಸ್ತಿ ಹೋಗಿದೆ ಅಂತ ಗೊತ್ತಾದದ್ದರಿಂದಲೇ ಬೆಳಗಿನವರೆಗೂ ಗಂಟೆ ಗಂಟೆಗೆ ಸಕ್ಕರೆ ನೋಡಿದೆವು. ಹೋದ ಇನ್ಸುಲಿನ್ ಒಂದು ಬಾಟಲಿ ಡೆಕ್ಸ್ಟ್ರೋಸಿಗೆ ಸುಮ್ಮನಾಗುವುದಿಲ್ಲ ಅಲ್ವಾ? ತಪ್ಪಾದರೆ ಆ ಕ್ಷಣವೇ ಹೇಳಿ. ಬೈಸಿಕೊಳ್ಳುವುದು ಆಮೇಲಿನ ಮಾತು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಪೊಟ್ಯಾಶಿಯಂ ಕ್ಲೋರೈಡ್ ಆಂಪೂಲ್, ಅಂದರೆ ಇಂಜೆಕ್ಷನ್ನಿನ ಪುಟ್ಟ ಸೀಸೆ, ನೋಡಲು ಬರೀ ನೀರಿನ ಆಂಪೂಲ್ ತರಹವೇ ಇರುತ್ತದೆ. ಅದನ್ನು ನೇರವಾಗಿ ರಕ್ತನಾಳಕ್ಕೆ ಯಾವತ್ತೂ ತಳ್ಳಬಾರದು, ಹೃದಯ ನಿಂತುಹೋಗುತ್ತದೆ. ಡ್ರಿಪ್ಪಿನಲ್ಲಿ ಬೆರೆಸಿ, ಬಾಟಲಿಯನ್ನು ಚೆನ್ನಾಗಿ ಮೇಲೆ ಕೆಳಗೆ ಮಾಡಿ, ನಿಧಾನವಾಗಿ ಬಿಡಬೇಕು. ಇಲ್ಲೂ ಅದೇ ಮಾತು, ಲೇಬಲ್ ಓದಿ. ಹಾಗೆಯೇ, ಯೂನಿಟ್ ಅನ್ನುವ ಪದವನ್ನು ಪೂರ್ತಿ ಬರೆಯಿರಿ. ಬರೀ ಇಂಗ್ಲಿಷಿನ ಯು ಅಕ್ಷರ ಬರೆದರೆ ಅದು ಸೊನ್ನೆಯ ಹಾಗೆ ಕಾಣುತ್ತದೆ, 4 ಹೋಗಿ 40 ಆಗುತ್ತದೆ. ಇನ್ನು, 'ನೀವು ಲಕ್ಷ್ಮಮ್ಮನಾ?' ಅಂತ ಕೇಳಬೇಡಿ. ಕಿವಿ ಮಂದವಾದವರು, ನಿದ್ದೆಗಣ್ಣಿನಲ್ಲಿ ಇರುವವರು ಎಲ್ಲದಕ್ಕೂ ಹೂಂ ಅನ್ನುತ್ತಾರೆ. 'ನಿಮ್ಮ ಹೆಸರು ಹೇಳಿ ಅಮ್ಮಾ' ಅನ್ನಿ. ಕೈಪಟ್ಟಿಯನ್ನೂ ನೋಡಿ.

ನಾಳೆ ಡ್ಯೂಟಿಗೆ ಹೋದ ತಕ್ಷಣ ಒಂದು ಕೆಲಸ ಮಾಡಿ. ವಾರ್ಡಿನ ಫ್ರಿಜ್ ತೆಗೆದು ಒಂದೊಂದೇ ಇನ್ಸುಲಿನ್ ಬಾಟಲಿ ತಿರುಗಿಸಿ ನೋಡಿ, 40 ಯಾವುದು, 100 ಯಾವುದು ಅಂತ. ಟ್ರೇಯಲ್ಲಿರುವ ಸಿರಿಂಜಿನ ಮುಚ್ಚಳದ ಬಣ್ಣವನ್ನೂ ನೋಡಿ. ಎರಡೂ ಹೊಂದದಿದ್ದರೆ ಅಲ್ಲೇ ನಿಂತು ಸಿಸ್ಟರನ್ನು ಕರೆಯಿರಿ. ನಮಸ್ಕಾರ.